ಉತ್ತರದ ಕ್ಯಾಡಿಸ್ ಕೀಟಗಳನ್ನು ವರ್ಗೀಕರಿಸುವುದು ಹೇಗೆ: ಲಿಮ್ನೆಫಿಲಿಡೆ ಕುಟುಂಬಕ್ಕೊಂದು ಕೈಪಿಡಿ

ಕ್ಯಾಡಿಸ್ ಕೀಟಗಳೆಂದರೆ ಮರಿಯಾಗಿ ಬಹುತೇಕ ನೀರಿನಲ್ಲಿ ಬೆಳೆದು, ಪ್ರೌಢವಾದಾಗ ಪತಂಗದಂತೆ ಕಾಣುವ ಟ್ರೈಕಾಪ್ಟೆರಾ ಗಣದ ಕೀಟಗಳು. ಅವುಗಳಲ್ಲಿ ಉತ್ತರದ ಕ್ಯಾಡಿಸ್ ಕೀಟಗಳೆಂದು ಕರೆಯಲಾಗುವ ಗುಂಪು ಲಿಮ್ನೆಫಿಲಿಡೆ ಕುಟುಂಬ. ಉತ್ತರ ಅಮೆರಿಕ, ಯುರೋಪ್ ಮತ್ತು ಉತ್ತರ ಏಷ್ಯಾದ ತಣ್ಣನೆಯ ತೊರೆ, ಕೆರೆ, ಜೌಗು ಹಾಗೂ ಬೇಸಿಗೆಯಲ್ಲಿ ಬತ್ತಿಹೋಗುವ ಹೊಂಡಗಳಲ್ಲಿ ಈ ಕುಟುಂಬದ ಮರಿಹುಳುಗಳು ಎಲೆ, ಕಡ್ಡಿ, ಮರಳುಗಳನ್ನು ತಮ್ಮ ರೇಷ್ಮೆಯಿಂದ ಅಂಟಿಸಿ ಕೊಳವೆಯಂಥ ಗೂಡು ಕಟ್ಟಿಕೊಂಡು, ಅದನ್ನು ಹೊತ್ತೇ ನಡೆಯುತ್ತವೆ. ಕುಟುಂಬದಲ್ಲಿ ಸುಮಾರು ನೂರು ಕುಲಗಳಿವೆ. ಧ್ರುವದ ಕಡೆಗೆ ಹೋದಷ್ಟೂ ಇತರ ಕ್ಯಾಡಿಸ್ ಕುಟುಂಬಗಳ ಎದುರು ಇದರ ಪ್ರಾಬಲ್ಯ ಹೆಚ್ಚುತ್ತದೆ. ಇಷ್ಟು ದೊಡ್ಡ ಕುಟುಂಬದಲ್ಲಿ ಕೈಗೆ ಸಿಕ್ಕ ಒಂದು ಹುಳುವಿನ ಸ್ಥಾನವನ್ನು ಯಾವ ಕ್ರಮದಲ್ಲಿ ಗುರುತಿಸಬೇಕೆಂಬುದನ್ನು ಈ ಬರಹ ವಿವರಿಸುತ್ತದೆ. ಹೊಸಬರು ಬಹುತೇಕ ಗೂಡಿನಿಂದ ಆರಂಭಿಸುತ್ತಾರೆ, ಏಕೆಂದರೆ ಕಣ್ಣಿಗೆ ಮೊದಲು ಬೀಳುವುದು ಅದೇ. ಆದರೆ ಗೂಡನ್ನು ಕಟ್ಟಕಡೆಗೆ ನೋಡಬೇಕು, ದೇಹವನ್ನು ಮೊದಲು ನೋಡಬೇಕು ಎಂಬುದೇ ಇಲ್ಲಿ ಹೇಳಲಿರುವ ಮುಖ್ಯ ಸಂಗತಿ.

ಕುಟುಂಬದ ಗಡಿ ಇಂದಿನ ರೂಪಕ್ಕೆ ಬಂದ ಬಗೆಯನ್ನು ಮೊದಲು ತಿಳಿದುಕೊಂಡರೆ ಹಳೆಯ ಪುಸ್ತಕಗಳನ್ನು ಬಳಸುವಾಗ ಗೊಂದಲವಾಗುವುದಿಲ್ಲ. ಲಿನೇಯಸ್ 1758ರಲ್ಲಿ ಕ್ಯಾಡಿಸ್ ಕೀಟಗಳನ್ನು ಫ್ರಿಗೇನಿಯಾ ಎಂಬ ಕುಲದಲ್ಲಿ ಇರಿಸಿದ್ದನು. ಲೀಚ್ 1815ರಲ್ಲಿ ಲಿಮ್ನೆಫಿಲಸ್ ಕುಲವನ್ನು ಸ್ಥಾಪಿಸಿದನು, ಕೊಲೆನಾಟಿ 1848ರಲ್ಲಿ ಕುಟುಂಬಕ್ಕೆ ಆ ಕುಲದಿಂದಲೇ ಹೆಸರು ಕೊಟ್ಟನು. ಮುಂದೆ ಫರ್ನಾಂಡ್ ಶ್ಮಿಡ್ 1955ರಲ್ಲಿ ಪ್ರಕಟಿಸಿದ ವಿಸ್ತಾರವಾದ ಅಧ್ಯಯನವು ಉಪಕುಟುಂಬ ಮತ್ತು ಅವುಗಳೊಳಗಿನ ಪಂಗಡಗಳ ಚೌಕಟ್ಟನ್ನು ಹಾಕಿಕೊಟ್ಟಿತು; ಇಂದಿಗೂ ನಾವು ಬಹುಮಟ್ಟಿಗೆ ಅದರೊಳಗೇ ಕೆಲಸ ಮಾಡುತ್ತಿದ್ದೇವೆ. ಆ ಬಳಿಕ ಕುಟುಂಬ ಕುಗ್ಗುತ್ತ ಬಂದಿದೆ. ಒಂದು ಕಾಲಕ್ಕೆ ಇದರ ಉಪಕುಟುಂಬವಾಗಿದ್ದ ಅಪಟಾನಿಗಳ ಗುಂಪು ಈಗ ಅಪಟಾನಿಡೆ ಎಂಬ ಸ್ವತಂತ್ರ ಕುಟುಂಬ. ಅಮೆರಿಕದ ಹಳೆಯ ಪಟ್ಟಿಗಳಲ್ಲಿ ಇದರೊಳಗೇ ಇದ್ದ ಗೋಯರಾ ಕುಲದ ಗುಂಪು ಈಗ ಗೋಯರಿಡೆ ಎಂಬ ಕುಟುಂಬ. ನಿಯೊಫೈಲ್ಯಾಕ್ಸ್ ಕುಲವನ್ನು 1988ರಲ್ಲಿ ಇಲ್ಲಿಂದ ತೆಗೆದು ಯುಎನೊಯಿಡೆಗೆ ಸೇರಿಸಲಾಯಿತು, ಆಮೇಲೆ ಅಲ್ಲಿಂದಲೂ ಬೇರ್ಪಡಿಸಿ ಥ್ರೆಮ್ಮಾಟಿಡೆಯಲ್ಲಿ ಇರಿಸಲಾಗಿದೆ. ಆದುದರಿಂದ 1980ಕ್ಕಿಂತ ಹಿಂದಿನ ಯಾವುದೇ ಪುಸ್ತಕದಲ್ಲಿ ಲಿಮ್ನೆಫಿಲಿಡೆ ಎಂದು ಕಂಡರೆ, ಅದು ಇಂದಿನ ಲಿಮ್ನೆಫಿಲಿಡೆಗಿಂತ ದೊಡ್ಡ ಗುಂಪು ಎಂದು ತಿಳಿದೇ ಓದಬೇಕು.

ಮಾದರಿಗಳ ಸಂಗ್ರಹ

ತೊರೆಯಲ್ಲಾದರೆ ಎಲೆಗಳು ರಾಶಿಬಿದ್ದ ತಿರುವುಗಳಲ್ಲಿ, ನೀರಿಗೆ ಚಾಚಿದ ಬೇರುಗಳ ನಡುವೆ ಮತ್ತು ಕಲ್ಲುಗಳ ಮೇಲ್ಮೈಯಲ್ಲಿ ಹುಡುಕಬೇಕು; ಕೆರೆ-ಹೊಂಡಗಳಲ್ಲಾದರೆ ದಡದ ಜೊಂಡಿನ ಬುಡದಲ್ಲಿ. ಬಲೆಗೆ ಬಂದುದನ್ನು ಬಿಳಿಯ ತಟ್ಟೆಯಲ್ಲಿ ತೆಳುವಾದ ನೀರಿನೊಂದಿಗೆ ಹರಡಿ ಕೆಲವು ನಿಮಿಷ ಅಲುಗಾಡಿಸದೆ ಬಿಟ್ಟರೆ, ಕಸವೆಂದು ತೋರಿದ ಕಡ್ಡಿಗಳಲ್ಲಿ ಕೆಲವು ನಡೆಯಲು ಆರಂಭಿಸುತ್ತವೆ. ಮರಿಹುಳು ಐದು ಹಂತಗಳಲ್ಲಿ ಬೆಳೆಯುತ್ತದೆ, ಗುರುತಿನ ಕೀಲಿಗಳನ್ನು (ಲಕ್ಷಣಗಳನ್ನು ಒಂದೊಂದಾಗಿ ಹೋಲಿಸುತ್ತ ಹೆಸರಿಗೆ ತಲುಪಿಸುವ ಪಟ್ಟಿಗಳನ್ನು) ಬಹುತೇಕ ಐದನೆಯ ಹಂತಕ್ಕೆಂದೇ ರಚಿಸಿರುತ್ತಾರೆ. ಹೀಗಾಗಿ ಒಂದೇ ಜಾಗದಲ್ಲಿ ಸಿಕ್ಕವುಗಳಲ್ಲಿ ದೊಡ್ಡವನ್ನು ಆರಿಸಿಕೊಳ್ಳಬೇಕು, ಚಿಕ್ಕವನ್ನು ನೀರಿಗೇ ಬಿಡುವುದು ಒಳ್ಳೆಯದು.

ಆರಿಸಿದ ಹುಳುವನ್ನು ಗೂಡಿನ ಸಮೇತ ಶೇಕಡ 80ರ ಎಥನಾಲ್‌ನಲ್ಲಿ ಹಾಕಬೇಕು, ಡಿಎನ್‌ಎ ಪರೀಕ್ಷೆಯ ಉದ್ದೇಶವಿದ್ದರೆ ಶೇಕಡ 95ರದರಲ್ಲಿ. ಹುಳುವಿನ ಮೈಯಿಂದ ಮತ್ತು ಗೂಡಿನಿಂದ ಬಿಟ್ಟುಕೊಂಡ ನೀರು ದ್ರವವನ್ನು ತೆಳುವಾಗಿಸುವುದರಿಂದ ಮರುದಿನ ಅದನ್ನು ಬದಲಿಸಲೇಬೇಕು; ಇದನ್ನು ಮರೆತರೆ ಹೊಟ್ಟೆಯ ಭಾಗ ಕಪ್ಪಾಗಿ ಮೆತ್ತಗಾಗುತ್ತದೆ, ಕಿವಿರುಗಳನ್ನು ಎಣಿಸುವುದು ಅಸಾಧ್ಯವಾಗುತ್ತದೆ. ಒಂದು ಸೀಸೆಯಲ್ಲಿ ಒಂದೇ ಜಾಗದ ಮಾದರಿ ಇರಲಿ. ಸ್ಥಳ, ದಿನಾಂಕ, ಎತ್ತರ, ನೀರಿನ ಬಗೆ ಮತ್ತು ಸಂಗ್ರಹಿಸಿದವರ ಹೆಸರನ್ನು ಪೆನ್ಸಿಲಿನಲ್ಲಿ ಬರೆದ ಚೀಟಿ ಸೀಸೆಯ ಒಳಗೇ ಇರಬೇಕು, ಏಕೆಂದರೆ ಹೊರಗೆ ಅಂಟಿಸಿದ ಚೀಟಿ ಎಥನಾಲ್ ತಗುಲಿ ಅಳಿಸಿಹೋಗುತ್ತದೆ. ಪರೀಕ್ಷಿಸುವಾಗ ಹುಳುವನ್ನು ಮುಂದಿನಿಂದ ಎಳೆಯಬಾರದು. ಅದರ ಹಿಂತುದಿಯ ಕೊಕ್ಕೆಗಳು ಗೂಡಿನ ರೇಷ್ಮೆಗೆ ಸಿಕ್ಕಿಕೊಂಡಿರುತ್ತವೆ. ಎಳೆದರೆ ದೇಹ ತುಂಡಾಗುತ್ತದೆ. ಗೂಡಿನ ಹಿಂದಿನ ರಂಧ್ರದಿಂದ ಮೊಂಡಾದ ಸೂಜಿಯಲ್ಲಿ ಮೆಲ್ಲಗೆ ತಳ್ಳಬೇಕು, ಅದು ಸಾಗದಿದ್ದರೆ ಗೂಡನ್ನು ಉದ್ದಕ್ಕೆ ಕತ್ತರಿಸಬೇಕು.

ಕುಟುಂಬವನ್ನು ಖಚಿತಪಡಿಸುವುದು

ಹುಳುವನ್ನು ಗಾಜಿನ ಬಟ್ಟಲಿನಲ್ಲಿ ಎಥನಾಲ್‌ನೊಳಗೆ, ತಳದಲ್ಲಿ ಸ್ವಲ್ಪ ಸಣ್ಣ ಮರಳು ಹರಡಿ, ಬೇಕಾದ ಭಂಗಿಯಲ್ಲಿ ನಿಲ್ಲಿಸಿ ಸ್ಟೀರಿಯೊ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಮೊದಲು ತಲೆ. ಲಿಮ್ನೆಫಿಲಿಡೆಯ ಮರಿಹುಳುವಿನ ಕುಡಿಮೀಸೆ ಬಹಳ ಗಿಡ್ಡವಾಗಿದ್ದು, ಕಣ್ಣಿಗೂ ತಲೆಯ ಮುಂದಿನ ಅಂಚಿಗೂ ನಡುವೆ, ಹೆಚ್ಚುಕಡಿಮೆ ಸಮದೂರದಲ್ಲಿ ಇರುತ್ತದೆ. ಅದು ಕಣ್ಣಿಗೆ ತೀರ ಅಂಟಿಕೊಂಡಂತಿದ್ದರೆ ಲೆಪಿಡೊಸ್ಟೊಮಾಟಿಡೆ ಎಂಬ ಬೇರೊಂದು ಕ್ಯಾಡಿಸ್ ಕುಟುಂಬವೆಂದು ಸಂದೇಹಿಸಬೇಕು, ಉದ್ದವಾಗಿ ಎದ್ದು ಕಂಡರೆ ಲೆಪ್ಟೊಸೆರಿಡೆ ಕುಟುಂಬವೆಂದು.

ಬಳಿಕ ಎದೆಯ ಮೂರು ಖಂಡಗಳನ್ನು ಬೆನ್ನಿನ ಕಡೆಯಿಂದ ಒಂದೊಂದಾಗಿ ಗಮನಿಸಬೇಕು. ಇಡೀ ವರ್ಗೀಕರಣದಲ್ಲಿ ಇಷ್ಟು ಫಲ ಕೊಡುವ ಮತ್ತೊಂದು ಭಾಗವಿಲ್ಲವಾದುದರಿಂದ ಇಲ್ಲಿ ಆತುರಪಡಬಾರದು. ಮೊದಲ ಮತ್ತು ಎರಡನೆಯ ಖಂಡಗಳ ಬೆನ್ನು ಪೂರ್ಣವಾಗಿ ಗಟ್ಟಿಯಾದ ಕಂದು ಫಲಕಗಳಿಂದ ಮುಚ್ಚಿರುತ್ತದೆ. ಮೂರನೆಯ ಖಂಡದ ಬೆನ್ನು ಮೆತ್ತಗಿದ್ದು, ಅದರ ಮೇಲೆ ಚಿಕ್ಕ ಫಲಕಗಳು ಮಾತ್ರ ಇರುತ್ತವೆ: ನಡುಗೆರೆಯ ಇಕ್ಕೆಲಗಳಲ್ಲಿ ಮುಂದೊಂದು ಜೊತೆ, ಹಿಂದೊಂದು ಜೊತೆ, ಪಕ್ಕಗಳಲ್ಲಿ ಒಂದು ಜೊತೆ. ಎರಡನೆಯ ಖಂಡವೂ ಬಹುತೇಕ ಮೆತ್ತಗಿದ್ದರೆ ಅದು ಫ್ರಿಗೇನಿಡೆ. ಆ ಕುಟುಂಬದ ಹುಳುಗಳೂ ದೊಡ್ಡವು, ಎಲೆಯ ಗೂಡಿನವು, ಹೊರನೋಟಕ್ಕೆ ಬೇಗ ದಾರಿತಪ್ಪಿಸುವಂಥವು. ಎರಡನೆಯ ಖಂಡದ ಫಲಕದ ಮುಂದಿನ ಅಂಚಿನ ನಡುವೆ ಕಚ್ಚು ಇದ್ದರೆ ನಿಯೊಫೈಲ್ಯಾಕ್ಸ್ ಮತ್ತು ಅದರ ಬಳಗವನ್ನು ಪರಿಶೀಲಿಸಬೇಕು. ಆ ಖಂಡದ ಪಕ್ಕದ ಫಲಕವೇ ಚೂಪಾಗಿ ಮುಂದಕ್ಕೆ ಚಾಚಿಕೊಂಡಿದ್ದರೆ ಅದು ಗೋಯರಿಡೆ. ಮೂರನೆಯ ಖಂಡದ ಮುಂದಿನ ಜೊತೆ ಫಲಕಗಳೇ ಇಲ್ಲದೆ, ಆ ಜಾಗದಲ್ಲಿ ಅಡ್ಡಸಾಲಾಗಿ ಬಿರುಗೂದಲುಗಳು ನಿಂತಿದ್ದರೆ ಅದು ಅಪಟಾನಿಡೆ ಆಗಿರುವ ಸಾಧ್ಯತೆ ಹೆಚ್ಚು.

ಈಗ ಹುಳುವನ್ನು ಮಗುಚಿ, ತಲೆಯ ಹಿಂದೆ, ಮುಂಗಾಲುಗಳ ನಡುವೆ ನೋಡಬೇಕು. ಅಲ್ಲಿ ಬೆರಳಿನಂಥ ಪುಟ್ಟ ಕೊಂಬು ಚಾಚಿರುತ್ತದೆ. ಹೊಟ್ಟೆಯ ಮೊದಲ ಖಂಡದಲ್ಲಿ ಮೂರು ಉಬ್ಬುಗಳಿರುತ್ತವೆ: ಬೆನ್ನಿನ ಮೇಲೆ ಒಂದು, ಪಕ್ಕಗಳಲ್ಲಿ ಒಂದೊಂದು. ಈ ಉಬ್ಬುಗಳು ಹುಳುವಿಗೂ ಗೂಡಿನ ಗೋಡೆಗೂ ನಡುವೆ ಅಂತರವನ್ನು ಕಾಯ್ದುಕೊಂಡು, ಹೊಟ್ಟೆಯ ಅಲೆಯಾಟದಿಂದ ಹೊಸ ನೀರು ಗೂಡಿನೊಳಗೆ ಹರಿಯುವಂತೆ ಮಾಡುತ್ತವೆ. ಲೆಪಿಡೊಸ್ಟೊಮಾಟಿಡೆಯಲ್ಲಿ ಬೆನ್ನಿನ ಉಬ್ಬು ಇಲ್ಲ. ಬ್ರಾಕಿಸೆಂಟ್ರಿಡೆಯಲ್ಲಿ ಮೂರೂ ಇಲ್ಲ. ಕುಡಿಮೀಸೆಯ ಸ್ಥಾನ, ಎದೆಯ ಫಲಕಗಳು, ಕೊಂಬು, ಉಬ್ಬುಗಳು ಈ ನಾಲ್ಕೂ ಒಟ್ಟಿಗೆ ಹೊಂದಿದರೆ ಮಾತ್ರ ಲಿಮ್ನೆಫಿಲಿಡೆ ಎಂದು ಬರೆದುಕೊಳ್ಳಬೇಕು, ಯಾವುದೋ ಒಂದು ಹೊಂದಿತೆಂದು ಮುಂದೆ ಹೋಗಬಾರದು.

ಭಾರತದಲ್ಲಿ ಈ ಕುಟುಂಬವನ್ನು ಹಿಮಾಲಯದ ತಣ್ಣನೆಯ ತೊರೆಗಳಲ್ಲಿ ಕಾಣಬಹುದು. ಸಹ್ಯಾದ್ರಿಯ ತೊರೆಯಲ್ಲಿ ಎಲೆಚೂರುಗಳ ಗೂಡು ಹೊತ್ತ ಹುಳು ಸಿಕ್ಕಾಗ ಉತ್ತರ ಅಮೆರಿಕದ ಅಥವಾ ಯುರೋಪಿನ ಕೀಲಿಯನ್ನು ಹಾಗೆಯೇ ಬಳಸಿದರೆ ತಪ್ಪು ಹೆಸರು ಬರುವ ಅಪಾಯವಿದೆ. ಅಲ್ಲಿ ಲೆಪಿಡೊಸ್ಟೊಮಾಟಿಡೆ, ಕ್ಯಾಲಮೊಸೆರಾಟಿಡೆ, ಲೆಪ್ಟೊಸೆರಿಡೆಗಳನ್ನು ಮೊದಲು ಪರಿಶೀಲಿಸಬೇಕು.

ಉಪಕುಟುಂಬ ಮತ್ತು ಪಂಗಡ

ಇಂದು ಸಾಮಾನ್ಯವಾಗಿ ಬಳಕೆಯಲ್ಲಿರುವ ಉಪಕುಟುಂಬಗಳು ನಾಲ್ಕು: ಡೈಕೊಸ್ಮೀಸಿನೆ, ಡ್ರುಸಿನೆ, ಸ್ಯೂಡೊಸ್ಟೆನೊಫೈಲಾಸಿನೆ ಮತ್ತು ಲಿಮ್ನೆಫಿಲಿನೆ. ಕೊನೆಯದು ಎಲ್ಲಕ್ಕಿಂತ ದೊಡ್ಡದು. ಅದರೊಳಗೆ ಲಿಮ್ನೆಫಿಲಿನಿ, ಸ್ಟೆನೊಫೈಲಾಸಿನಿ, ಕೀಟಾಪ್ಟೆರಿಜಿನಿ, ಕೈಲೊಸ್ಟಿಗ್ಮಿನಿ ಎಂಬ ಪಂಗಡಗಳಿವೆ. ಮರಿಹುಳುವಿನಲ್ಲಿ ಇವುಗಳನ್ನು ಬೇರ್ಪಡಿಸಲು ಮೊದಲು ನೋಡಬೇಕಾದುದು ಹೊಟ್ಟೆಯ ಕಿವಿರುಗಳನ್ನು. ಎರಡನೆಯ ಮತ್ತು ಮೂರನೆಯ ಖಂಡಗಳ ಬೆನ್ನು, ಪಕ್ಕ, ಅಡಿಗಳಲ್ಲಿರುವ ಕಿವಿರುಗಳನ್ನು ಸೂಜಿಯಿಂದ ಬಿಡಿಸಿ, ಪ್ರತಿಯೊಂದೂ ಒಂಟಿ ಎಳೆಯೇ ಅಥವಾ ಒಂದೇ ಬುಡದಿಂದ ಎರಡು, ಮೂರು ಅಥವಾ ಅದಕ್ಕೂ ಹೆಚ್ಚು ಎಳೆಗಳು ಹೊರಟಿವೆಯೇ ಎಂದು ಎಣಿಸಬೇಕು. ಎಳೆಗಳು ಗುಂಪಾಗಿದ್ದರೆ ಸಾಮಾನ್ಯವಾಗಿ ಅದು ಲಿಮ್ನೆಫಿಲಿನಿ ಪಂಗಡ. ಲಿಮ್ನೆಫಿಲಸ್, ಅನಬೋಲಿಯಾ, ಗ್ಲೈಫೊಟೀಲಿಯಸ್ ಮೊದಲಾದ ಕುಲಗಳು ಇಲ್ಲಿ ಬರುತ್ತವೆ. ಒಂಟಿ ಎಳೆಗಳಾಗಿದ್ದರೆ ಯುರೋಪಿನಲ್ಲಿ ಡ್ರುಸಿನೆ, ಸ್ಟೆನೊಫೈಲಾಸಿನಿ ಅಥವಾ ಕೀಟಾಪ್ಟೆರಿಜಿನಿಯ ಕಡೆಗೆ ಹೋಗಬೇಕು. ಹ್ಯಾಲಿಸಸ್, ಪೊಟಾಮೊಫೈಲ್ಯಾಕ್ಸ್, ಕೀಟಾಪ್ಟೆರಿಕ್ಸ್ ಈ ಸಾಲಿನವು. ಇದಕ್ಕೆ ಪರಿಸರದ ತರ್ಕವೂ ಇದೆ: ನಿಂತ, ಬೆಚ್ಚನೆಯ, ಆಮ್ಲಜನಕ ಕಡಿಮೆಯಿರುವ ನೀರಿನಲ್ಲಿ ಬದುಕುವ ಕುಲಗಳಿಗೆ ಹೆಚ್ಚು ಕಿವಿರು ಬೇಕು, ತಣ್ಣನೆಯ ಹರಿವಿನಲ್ಲಿ ಇರುವವುಗಳಿಗೆ ಕಡಿಮೆ ಸಾಕು. ಕಿವಿರಿನ ಲಕ್ಷಣವು ಹೀಗೆ ಜೀವನಕ್ರಮಕ್ಕೆ ಹೊಂದಿಕೊಂಡಿರುವುದರಿಂದಲೇ ಅದನ್ನು ಒಂಟಿಯಾಗಿ ನಂಬದೆ, ಕಾಲಿನ ತೊಡೆಯ ಭಾಗದ ಬಿರುಗೂದಲುಗಳ ಸಂಖ್ಯೆ, ತಲೆಯ ಮೇಲಿನ ಬಣ್ಣದ ಮಾದರಿ ಮುಂತಾದ ಬೇರೆ ಗುರುತುಗಳೊಂದಿಗೆ ಹೋಲಿಸಿ ನೋಡಬೇಕು.

ಹೊಟ್ಟೆಯ ಅಡಿಯಲ್ಲಿ ಕಾಣುವ ಅಂಡಾಕಾರದ ತೆಳು ವಲಯಗಳನ್ನೂ ಗಮನಿಸಬೇಕು. ಇವು ನೀರಿನಿಂದ ಲವಣದ ಅಯಾನುಗಳನ್ನು ಹೀರಿಕೊಳ್ಳುವ ಕ್ಲೋರೈಡ್ ಪೊರೆಗಳು. ಅವು ಯಾವ ಯಾವ ಖಂಡಗಳಲ್ಲಿ ಇವೆ, ಅಡಿಯಲ್ಲಿ ಮಾತ್ರವೇ ಅಥವಾ ಬೆನ್ನು ಮತ್ತು ಪಕ್ಕಗಳಲ್ಲಿಯೂ ಇವೆಯೇ ಎಂಬುದು ಕುಲಗಳನ್ನು ಬೇರ್ಪಡಿಸುವಾಗ ನೆರವಿಗೆ ಬರುತ್ತದೆ. ಬೆಳಕನ್ನು ಓರೆಯಾಗಿ ಬೀಳುವಂತೆ ಹೊಂದಿಸಿಕೊಂಡರೆ ಇವುಗಳ ಅಂಚು ಸ್ಪಷ್ಟವಾಗುತ್ತದೆ.

ಡ್ರುಸಿನೆಯಲ್ಲಿ ದವಡೆಗಳಿಗೆ ವಿಶೇಷ ಗಮನ ಕೊಡಬೇಕು. ಆಲ್ಪ್ಸ್, ಕಾರ್ಪೇಥಿಯನ್ ಮತ್ತು ಬಾಲ್ಕನ್ ಪರ್ವತಗಳ ತೊರೆಗಳಲ್ಲಿ ಹೆಚ್ಚಾಗಿರುವ ಈ ಉಪಕುಟುಂಬದಲ್ಲಿ ಆಹಾರಕ್ರಮಕ್ಕೆ ತಕ್ಕಂತೆ ಮೂರು ಬಗೆಯ ಮರಿಹುಳುಗಳಿವೆ. ಕಲ್ಲಿನ ಮೇಲಿನ ಪಾಚಿಯನ್ನು ಕೆರೆದು ತಿನ್ನುವವುಗಳ ದವಡೆ ಹಲ್ಲಿಲ್ಲದೆ ಚಮಚದಂತೆ ಬಾಗಿರುತ್ತದೆ. ಎಲ್ಲವನ್ನೂ ಹರಿದು ತಿನ್ನುವವುಗಳ ದವಡೆಗೆ ಹಲ್ಲುಗಳಿವೆ. ಡ್ರುಸಸ್ ಡಿಸ್ಕಲರ್‌ನಂಥ ಮೂರನೆಯ ಬಗೆಯವು ಹರಿವಿಗೆ ಎದುರಾಗಿ ನಿಂತು, ಬಿರುಗೂದಲುಗಳಿರುವ ಕಾಲುಗಳನ್ನು ಚಾಚಿ, ತೇಲಿಬರುವ ಸಣ್ಣ ಜೀವಿಗಳನ್ನು ಹಿಡಿಯುತ್ತವೆ. ಇವುಗಳ ದವಡೆಗೂ ಹಲ್ಲುಗಳಿವೆ. ಒಂದೇ ಉಪಕುಟುಂಬದೊಳಗೆ ಇಷ್ಟು ಭಿನ್ನವಾದ ಬಾಯಿಗಳಿರುವುದು ಈ ಕುಟುಂಬದ ಅತ್ಯಂತ ಕುತೂಹಲಕರ ಸಂಗತಿಗಳಲ್ಲೊಂದು. ಹಲ್ಲಿಲ್ಲದ ದವಡೆಯನ್ನು ಕಂಡ ಮಾತ್ರಕ್ಕೆ ಅಪಟಾನಿಡೆ ಎಂದು ತೀರ್ಮಾನಿಸುವವರು ಇದನ್ನು ನೆನಪಿಡಬೇಕು.

ಗೂಡು ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ

ದೇಹದ ಸಾಕ್ಷ್ಯ ಮುಗಿದ ಬಳಿಕ ಗೂಡನ್ನು ನೋಡಬಹುದು. ಕೆಲವು ಕುಲಗಳಲ್ಲಿ ಅದು ನಿಜಕ್ಕೂ ಉಪಯುಕ್ತ. ಗ್ಲೈಫೊಟೀಲಿಯಸ್ ಪೆಲ್ಯೂಸಿಡಸ್ ಮರದ ಎಲೆಗಳಿಂದ ದೊಡ್ಡ ಬಿಲ್ಲೆಗಳನ್ನು ಕತ್ತರಿಸಿ ಮೇಲೊಂದು ಕೆಳಗೊಂದು ಹೊದಿಸಿಕೊಳ್ಳುತ್ತದೆ. ಅನಬೋಲಿಯಾ ನರ್ವೋಸಾ ಮರಳಿನ ಕೊಳವೆಗೆ ಅದಕ್ಕಿಂತ ಬಹಳ ಉದ್ದದ ಕಡ್ಡಿಗಳನ್ನು ಜೋಡಿಸುತ್ತದೆ. ಉತ್ತರ ಅಮೆರಿಕದ ಪ್ಲಾಟಿಸೆಂಟ್ರೊಪಸ್ ಸಸ್ಯದ ತುಣುಕುಗಳನ್ನು ಅಡ್ಡಡ್ಡವಾಗಿ ಇಟ್ಟು, ಸುತ್ತಲೂ ಚುಚ್ಚುವಂಥ ಗೂಡು ಕಟ್ಟುತ್ತದೆ. ಆದರೆ ಅದನ್ನು ಖಚಿತಪಡಿಸುವುದು ಮುಂಗಾಲುಗಳ ನಡುವಿನ ಅಸಾಧಾರಣವಾಗಿ ಉದ್ದವಾದ ಕೊಂಬು, ಏಕೆಂದರೆ ಲಿಮ್ನೆಫಿಲಸ್‌ನ ಹಲವು ಪ್ರಭೇದಗಳೂ ಅಂಥದೇ ಗೂಡು ಕಟ್ಟುತ್ತವೆ.

ಲಿಮ್ನೆಫಿಲಸ್ ಒಂದೇ ಕುಲದೊಳಗೆ ಎಲೆ, ಜೊಂಡು, ತೊಗಟೆ, ಮರಳು, ಬಸವನಹುಳುವಿನ ಚಿಪ್ಪು ಎಲ್ಲವೂ ಗೂಡಿನ ಸಾಮಗ್ರಿಯಾಗುತ್ತವೆ. ಲಿಮ್ನೆಫಿಲಸ್ ಫ್ಲಾವಿಕಾರ್ನಿಸ್ ಕೆಲವೊಮ್ಮೆ ಪುಟ್ಟ ಬಸವನಹುಳುಗಳ ಚಿಪ್ಪುಗಳಿಂದಲೇ ಗೂಡನ್ನು ಮುಚ್ಚುತ್ತದೆ, ಬೇರೊಂದು ಹೊಂಡದಲ್ಲಿ ಅದೇ ಪ್ರಭೇದ ಕಡ್ಡಿಗಳನ್ನು ಬಳಸಿರುತ್ತದೆ. ವಯಸ್ಸಿನೊಂದಿಗೂ ಗೂಡು ಬದಲಾಗುತ್ತದೆ. ಪೂರ್ವ ಉತ್ತರ ಅಮೆರಿಕದ ಪಿಕ್ನಾಪ್ಸೈಕಿ ಜೆಂಟಿಲಿಸ್ ತನ್ನ ಎಲೆಯ ಗೂಡನ್ನು ಕೊನೆಯ ಹಂತದಲ್ಲಿ ಬಿಟ್ಟು ಸಣ್ಣ ಕಲ್ಲುಗಳ ಗೂಡಿಗೆ ಹೊರಳುತ್ತದೆ. ಪಶ್ಚಿಮದ ದೊಡ್ಡ ಡೈಕೊಸ್ಮೀಕಸ್ ಕೂಡ ಎಳೆಯದಿರುವಾಗ ಸಸ್ಯದ ಚೂರುಗಳನ್ನೂ, ಬೆಳೆದ ಮೇಲೆ ಕಲ್ಲನ್ನೂ ಬಳಸುತ್ತದೆ. ಈ ಕಾರಣಕ್ಕಾಗಿ ಒಂದೇ ತೊರೆಯ ಎರಡು ಗೂಡುಗಳನ್ನು ಎರಡು ಪ್ರಭೇದಗಳೆಂದು ಎಣಿಸುವ ಮುನ್ನ ಒಳಗಿನ ಹುಳುಗಳ ತಲೆಯ ಅಗಲವನ್ನು ಅಳೆದು, ಅವು ಒಂದೇ ಹಂತದವೇ ಎಂದು ನೋಡುವುದು ಕಡ್ಡಾಯ.

ನೀರೇ ಇಲ್ಲದ ಕಡೆಯೂ ಈ ಕುಟುಂಬದ ಮರಿಹುಳು ಸಿಗಬಹುದು. ಯುರೋಪಿನ ಎನೊಯಿಸೈಲಾ ಪುಸಿಲ್ಲಾ ಕಾಡಿನ ನೆಲದ ತರಗೆಲೆಗಳಲ್ಲಿ ಗೂಡು ಹೊತ್ತು ಬದುಕುತ್ತದೆ. ಅದರ ಹೆಣ್ಣಿಗೆ ಹಾರುವ ರೆಕ್ಕೆಗಳೂ ಇಲ್ಲ. ಆವಾಸವನ್ನು ನೋಡಿ ಕುಟುಂಬವನ್ನು ತಳ್ಳಿಹಾಕುವುದು ಸರಿಯಲ್ಲವೆಂಬುದಕ್ಕೆ ಇಷ್ಟು ಸಾಕು.

ಪ್ರೌಢ ಕೀಟ

ಪ್ರಭೇದದ ಮಟ್ಟಕ್ಕೆ ಹೋಗಬೇಕಾದರೆ ಬಹಳ ಸಲ ಪ್ರೌಢ ಗಂಡು ಕೀಟವೇ ಬೇಕು. ರಾತ್ರಿ ತೊರೆಯ ಬಳಿ ಬಿಳಿ ಬಟ್ಟೆಯ ಮುಂದೆ ದೀಪವಿಟ್ಟರೆ ಅವು ಬರುತ್ತವೆ, ಹಗಲಿನಲ್ಲಿ ದಡದ ಗಿಡಗಳನ್ನು ಬಲೆಯಿಂದ ಸವರಿದರೂ ಸಿಗುತ್ತವೆ. ಋತುವನ್ನು ಅರಿತು ಹೋಗಬೇಕು. ಬತ್ತುವ ಹೊಂಡಗಳ ಲಿಮ್ನೆಫಿಲಸ್ ಪ್ರಭೇದಗಳು ವಸಂತದ ಕೊನೆಗೆ ಹೊರಬಂದು, ಬೇಸಿಗೆಯಿಡೀ ಮೊಟ್ಟೆಯಿಡದೆ ಕಾದು, ಶರತ್ಕಾಲದಲ್ಲಿ ಮೊಟ್ಟೆಯಿಡುತ್ತವೆ. ಯುರೋಪಿನ ಸ್ಟೆನೊಫೈಲ್ಯಾಕ್ಸ್ ಮತ್ತು ಮೈಕ್ರಾಪ್ಟೆರ್ನಾ ಈ ಕಾಯುವ ಅವಧಿಯನ್ನು ಗುಹೆಗಳೊಳಗೆ ಕಳೆಯುವುದರಿಂದ ಅವುಗಳನ್ನು ಹುಡುಕುವವರು ಗುಹೆಗೇ ಹೋಗಬೇಕು. ಕೀಟಾಪ್ಟೆರಿಕ್ಸ್ ವಿಲ್ಲೋಸಾ ಹೊರಬರುವುದು ಶರತ್ಕಾಲದಲ್ಲಿ. ವಿಗ್ಗಿನ್ಸ್ 1975ರಲ್ಲಿ ವರ್ಣಿಸಿದ, ಮಿನ್ನೆಸೋಟಾದ ಕೈಲೊಸ್ಟಿಗ್ಮಾ ಇಟಾಸ್ಕೆಯ ಪ್ರೌಢ ಕೀಟಗಳು ಚಳಿಗಾಲದಲ್ಲಿ ಹಿಮದ ಮೇಲೆ ಓಡಾಡುತ್ತವೆ. ಬೇಸಿಗೆಯ ದೀಪಕ್ಕೆ ಅವು ಎಂದೂ ಬರಲಾರವು.

ಪ್ರೌಢ ಕೀಟದ ನೆತ್ತಿಯ ಮೇಲೆ ಮೂರು ಸರಳ ಕಣ್ಣುಗಳಿವೆಯೇ ಎಂದು ಮೊದಲು ನೋಡಬೇಕು. ಲೆಪಿಡೊಸ್ಟೊಮಾಟಿಡೆ ಮತ್ತು ಗೋಯರಿಡೆಗಳಲ್ಲಿ ಅವು ಇಲ್ಲ. ಬಾಯಿಯ ಬಳಿಯ ಜೋಡಿ ಸ್ಪರ್ಶಕಗಳಲ್ಲಿ ಉದ್ದನೆಯವು ಗಂಡಿನಲ್ಲಿ ಮೂರು ತುಣುಕಿನವು, ಹೆಣ್ಣಿನಲ್ಲಿ ಐದು ತುಣುಕಿನವು. ಗಂಡಿನಲ್ಲಿ ನಾಲ್ಕು ತುಣುಕುಗಳಿದ್ದರೆ ಅದು ಫ್ರಿಗೇನಿಡೆ. ಕಾಲಿನ ಮುಳ್ಳುಗಳನ್ನು ಮುಂದಿನ, ನಡುವಿನ, ಹಿಂದಿನ ಕಾಲಿನ ಕ್ರಮದಲ್ಲಿ ಎಣಿಸಿ ಸೂತ್ರವಾಗಿ ಬರೆಯುವುದು ರೂಢಿ: ಲಿಮ್ನೆಫಿಲಿಡೆಯಲ್ಲಿ ಅದು ಸಾಮಾನ್ಯವಾಗಿ 1, 3, 4 ಅಥವಾ ಅದಕ್ಕಿಂತ ಕಡಿಮೆ, ಫ್ರಿಗೇನಿಡೆಯಲ್ಲಿ 2, 4, 4.

ಮುಂದಿನ ಕೆಲಸ ಗಂಡಿನ ಜನನಾಂಗದ್ದು. ಹೊಟ್ಟೆಯ ತುದಿಯನ್ನು ಬೇರ್ಪಡಿಸಿ ಶೇಕಡ 10ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಒಂದು ರಾತ್ರಿ ಇಟ್ಟರೆ ಮೆದು ಅಂಗಾಂಶ ಕರಗಿ ಗಟ್ಟಿಯಾದ ರಚನೆಗಳು ಉಳಿಯುತ್ತವೆ. ಈ ದ್ರಾವಣ ಚರ್ಮವನ್ನೂ ಕಣ್ಣನ್ನೂ ಸುಡುವುದರಿಂದ ಕೈಗವಸು, ಕನ್ನಡಕ ಧರಿಸಿಯೇ ಕೆಲಸ ಮಾಡಬೇಕು. ನೀರಿನಲ್ಲಿ ತೊಳೆದು, ಗ್ಲಿಸರಿನ್‌ನಲ್ಲಿಟ್ಟು, ಪಕ್ಕದಿಂದ, ಮೇಲಿನಿಂದ, ಹಿಂದಿನಿಂದ ಮೂರು ನೋಟಗಳನ್ನು ಚಿತ್ರಿಸಿಕೊಳ್ಳಬೇಕು. ಲಿಮ್ನೆಫಿಲಿನೆಯಲ್ಲಿ ಕೆಳಗಿನ ಉಪಾಂಗಗಳು ಒಂದೇ ತುಣುಕಿನವಾಗಿದ್ದು ಒಂಬತ್ತನೆಯ ಖಂಡಕ್ಕೆ ಬೆಸೆದುಕೊಂಡಿರುತ್ತವೆ. ಶಿಶ್ನದ ಪಕ್ಕದ ಜೋಡಿ ಕಡ್ಡಿಗಳಾದ ಪ್ಯಾರಾಮಿಯರ್‌ಗಳ ಆಕಾರ ಮತ್ತು ಅವುಗಳ ಮುಳ್ಳುಗಳು ನಿಕಟ ಪ್ರಭೇದಗಳನ್ನು ಬೇರ್ಪಡಿಸುತ್ತವೆ. ಕೊಸೊವೊದ ಬ್ಯೆಶ್ಕೆತ್ ಎ ನೆಮುನಾ ಪರ್ವತಗಳಿಂದ 2021ರಲ್ಲಿ ಹಲೀಲ್ ಇಬ್ರಾಹಿಮಿ ಮತ್ತು ಸಂಗಡಿಗರು ವರ್ಣಿಸಿದ ಪೊಟಾಮೊಫೈಲ್ಯಾಕ್ಸ್ ಕೊರೊನಾವೈರಸ್ ಇಂಥ ನಿಕಟ ಬಳಗವೊಂದರ ಪ್ರಭೇದ. ಅದು ಇರುವ ನದಿಗೆ ಜಲವಿದ್ಯುತ್ ಯೋಜನೆಯಿಂದ ಧಕ್ಕೆಯಾಗಿದೆ. ಹೆಸರೇ ಇಲ್ಲದ ಪ್ರಭೇದಕ್ಕೆ ರಕ್ಷಣೆ ಕೇಳುವುದು ಕಷ್ಟವಾದ್ದರಿಂದ ಈ ಸೂಕ್ಷ್ಮ ಕೆಲಸವನ್ನು ಕೇವಲ ಪಟ್ಟಿ ಬೆಳೆಸುವ ಕೆಲಸವೆಂದು ನಾನು ಭಾವಿಸುವುದಿಲ್ಲ.

ಮರಿಹುಳುವನ್ನೂ ಪ್ರೌಢ ಕೀಟವನ್ನೂ ಜೋಡಿಸುವುದು

ಪ್ರಭೇದಗಳ ಹೆಸರುಗಳು ಬಹುಪಾಲು ಪ್ರೌಢ ಗಂಡಿನ ಮೇಲೆ ನಿಂತಿವೆ, ನೀರಿನ ಗುಣಮಟ್ಟದ ಅಧ್ಯಯನಕ್ಕೆ ಸಿಗುವುದು ಮರಿಹುಳು. ಈ ಎರಡನ್ನು ಜೋಡಿಸುವ ಅತ್ಯುತ್ತಮ ದಾರಿ ಪ್ಯೂಪಾ, ಅಂದರೆ ಮರಿಹುಳು ಪ್ರೌಢ ಕೀಟವಾಗಿ ಮಾರ್ಪಡುವ ನಡುವಿನ ಹಂತ. ಬೆಳೆದ ಮರಿಹುಳು ಗೂಡನ್ನು ಕಲ್ಲಿಗೋ ಕಡ್ಡಿಗೋ ಅಂಟಿಸಿ, ಎರಡೂ ತುದಿಗಳನ್ನು ರೇಷ್ಮೆಯ ಜರಡಿಯಿಂದ ಮುಚ್ಚಿ ಒಳಗೆ ಪ್ಯೂಪಾ ಆಗುತ್ತದೆ. ಆಗ ಕಳಚಿದ ಮರಿಹುಳುವಿನ ಗಟ್ಟಿ ಫಲಕಗಳು ಗೂಡಿನ ಹಿಂಭಾಗದಲ್ಲಿಯೇ ಉಳಿಯುತ್ತವೆ. ಹೊರಬರುವ ಕಾಲ ಸಮೀಪಿಸಿದ ಗಂಡು ಪ್ಯೂಪಾದ ಚರ್ಮದೊಳಗೆ ಪ್ರೌಢ ಕೀಟದ ಜನನಾಂಗ ಪೂರ್ಣವಾಗಿ ರೂಪುಗೊಂಡಿರುತ್ತದೆ. ಹೀಗೆ ಒಂದೇ ಗೂಡಿನಲ್ಲಿ ಮರಿಹುಳುವಿನ ತಲೆ ಮತ್ತು ಎದೆಯ ಫಲಕಗಳು, ಪ್ರಭೇದವನ್ನು ತಿಳಿಸುವ ಜನನಾಂಗ, ಗೂಡು, ಎಲ್ಲವೂ ಒಟ್ಟಿಗೆ ಸಿಗುತ್ತವೆ; ಸಾಕಿ ಬೆಳೆಸುವ ಶ್ರಮವೂ ಬೇಡ. ಮುಚ್ಚಿದ ಗೂಡುಗಳನ್ನು ತೆರೆಯುವಾಗ ಹಿಂತುದಿಯ ಆ ಒಣ ಚೂರುಗಳನ್ನು ಕಸವೆಂದು ಎಸೆಯಬಾರದು, ಅದೇ ಸೀಸೆಯೊಳಗೆ ಪುಟ್ಟ ಕೊಳವೆಯಲ್ಲಿ ಪ್ರತ್ಯೇಕವಾಗಿ ಇಡಬೇಕು. ಪ್ಯೂಪಾ ಸಿಗದಿದ್ದಾಗ ಮರಿಹುಳು ಮತ್ತು ಪ್ರೌಢ ಕೀಟಗಳ ಡಿಎನ್‌ಎ ಬಾರ್‌ಕೋಡ್ (ಪ್ರಭೇದವನ್ನು ಗುರುತಿಸಲು ಬಳಸುವ ಡಿಎನ್‌ಎಯ ಒಂದು ಚಿಕ್ಕ ಭಾಗ) ಹೋಲಿಸಬಹುದು, ಆದರೆ ಅದಕ್ಕೂ ಸರಿಯಾಗಿ ಹೆಸರಿಸಿದ ಪ್ರೌಢ ಮಾದರಿ ಮೊದಲೇ ಇರಬೇಕು.

ಹೆಸರು ಬರೆಯುವಾಗ ಕರ್ತೃವಿನ ಹೆಸರು ಮತ್ತು ವರ್ಷವನ್ನು ಸೇರಿಸಬೇಕು. ಲಿಮ್ನೆಫಿಲಸ್ ರಾಂಬಿಕಸ್ (ಲಿನೇಯಸ್, 1758) ಎಂಬಲ್ಲಿನ ಆವರಣ, ಆ ಪ್ರಭೇದವನ್ನು ಮೊದಲು ಬೇರೆ ಕುಲದಲ್ಲಿ ವರ್ಣಿಸಲಾಗಿತ್ತೆಂದು ತಿಳಿಸುತ್ತದೆ. ಕೈಲೊಸ್ಟಿಗ್ಮಾ ಇಟಾಸ್ಕೆ ವಿಗ್ಗಿನ್ಸ್, 1975 ಎಂಬಲ್ಲಿ ಆವರಣವಿಲ್ಲ, ಏಕೆಂದರೆ ಅದು ಇಂದಿಗೂ ಮೊದಲಿನ ಕುಲದಲ್ಲಿಯೇ ಇದೆ. ಮರಿಹುಳು ಮಾತ್ರ ಇದ್ದು, ಅದು ಲಿಮ್ನೆಫಿಲಸ್ ಎಂಬುದರವರೆಗೆ ಖಚಿತವಾಗಿದ್ದರೆ ಕುಲದ ಹೆಸರಿನಲ್ಲಿಯೇ ನಿಲ್ಲಿಸಬೇಕು. ಯಾವ ಕೀಲಿಯನ್ನು ಬಳಸಲಾಯಿತು, ಯಾವ ಗುರುತುಗಳನ್ನು ಕಣ್ಣಾರೆ ನೋಡಲಾಯಿತು, ಯಾವುದು ಮುರಿದುಹೋಗಿ ನೋಡಲಾಗಲಿಲ್ಲ ಎಂಬುದನ್ನು ಚೀಟಿಯ ಹಿಂಬದಿಯಲ್ಲಿ ಬರೆದಿಟ್ಟರೆ, ಮುಂದೆ ಆ ಸೀಸೆಯನ್ನು ತೆರೆಯುವ ಪರಿಣತರು ಪ್ರಭೇದದವರೆಗಿನ ಉಳಿದ ಕೆಲಸವನ್ನು ಅಲ್ಲಿಂದಲೇ ಮುಂದುವರಿಸಬಲ್ಲರು.